ಬೆರಳಿಗೆ ಸುಲಭ, ಕಣ್ಣಿಗೆ ಕಷ್ಟ: ಗಾಲ್ಫ್ ಗೇಮ್ ಲೀಗಿಗೆ ಕೋರ್ಸ್ ಆರಿಸಿದ ಬಗೆ

ನಮ್ಮದು ಪಿಜಿಎ ಟೂರ್ 2ಕೆ23 ಅನ್ನೋ ಗಾಲ್ಫ್ ವಿಡಿಯೋ ಗೇಮ್‌ನಲ್ಲಿ ನಡೆಸೋ ಲೀಗ್. ಸ್ವಿಂಗ್ ಡಿಫಿಕಲ್ಟಿಯನ್ನು, ಅಂದರೆ ಚೆಂಡು ಹೊಡೆಯೋದು ಎಷ್ಟು ಕಷ್ಟ ಅನ್ನೋದನ್ನು, ಮಾಸ್ಟರ್ ಮಟ್ಟದಿಂದ ಅದಕ್ಕಿಂತ ಸುಲಭದ ಪ್ರೋಗೆ ಇಳಿಸೋಣ ಅಂದಾಗ ನಮ್ಮ ಸೊಸೈಟಿಯ (ಗೇಮ್‌ನೊಳಗಿನ ಆಟಗಾರರ ಸಂಘ) ಹಳಬರು ನಕ್ಕಿದ್ದರು. "ಹಂಗಾದ್ರೆ ಎಲ್ರೂ ಇಪ್ಪತ್ತು ಅಂಡರ್ ಹೊಡೀತಾರೆ ಗುರು, ಲೀಗ್ ಯಾಕೆ ಬೇಕು?" ಅಂತ ಮಾತು. ಅಂಡರ್ ಅಂದರೆ ಪಾರ್‌ಗಿಂತ, ಅಂದರೆ ಕೋರ್ಸಿಗೆ ನಿಗದಿಯಾದ ಹೊಡೆತಗಳಿಗಿಂತ, ಕಮ್ಮಿ. ಗಾಲ್ಫಿನಲ್ಲಿ ಹೊಡೆತ ಕಮ್ಮಿಯಾದಷ್ಟೂ ಒಳ್ಳೆಯದು. ಮೂರು ಸೀಸನ್ ಆಯ್ತು. ಈ ಲೀಗಿನಲ್ಲಿ ಮೊದಲ ಮೂವರ ಸರಾಸರಿ 66ರಿಂದ 68ಕ್ಕೆ ಏರಿದೆ, ಕೊನೆಯ ಮೂವರದ್ದು 92ರ ಆಸುಪಾಸಿನಿಂದ 82ಕ್ಕೆ ಇಳಿದಿದೆ. ಸ್ವಿಂಗ್ ಸುಲಭವಾದ ಮೇಲೆ ಗಟ್ಟಿಗರ ಸ್ಕೋರು ಕೆಟ್ಟಿದೆ, ಹೊಸಬರದ್ದು ಸುಧಾರಿಸಿದೆ. ಲೆಕ್ಕ ಬರೆದಿಟ್ಟ ಪುಸ್ತಕ ಈಗ ಎದುರಿಗಿಲ್ಲ. ಅಂಕಿಗಳಲ್ಲಿ ಒಂದೆರಡು ಆಚೀಚೆ ಇರಬಹುದು.

ಮೊದಲು ಮಾಡಿದ ತಪ್ಪು ಎಲ್ಲರೂ ಮಾಡೋದೇ. ಎಲ್ಲರಿಗೂ ಮಾಸ್ಟರ್, ಗ್ರೀನ್‌ನ (ಗುಳಿ ಇರೋ ನುಣುಪು ಹುಲ್ಲಿನ ಜಾಗ) ಏರಿಳಿತ ತೋರಿಸೋ ಗ್ರಿಡ್ ಆಫ್, ಗಾಳಿ ಜೋರು. ಎಕ್ಸ್‌ಪಿ (ಗೇಮ್ ಕೊಡೋ ಅನುಭವದ ಅಂಕ) ಜಾಸ್ತಿ ಸಿಗುತ್ತೆ ಅನ್ನೋ ಆಸೆಯೂ ಇತ್ತು. ಮಾಸ್ಟರ್‌ನಲ್ಲಿ ಡೌನ್‌ಸ್ವಿಂಗ್ ಒಂಚೂರು ಬೇಗ ಆದರೆ ಚೆಂಡು ಎಡಕ್ಕೆ, ಒಂಚೂರು ತಡವಾದರೆ ಬಲಕ್ಕೆ. ವಾರಕ್ಕೆ ಐದು ರೌಂಡ್ ಆಡುವವನಿಗೆ ಅದು ಕಷ್ಟವೇ ಅಲ್ಲ, ಹೆಬ್ಬೆರಳಿಗೆ ರೂಢಿಯಾಗಿಬಿಟ್ಟಿರುತ್ತೆ. ವಾರಕ್ಕೆ ಒಂದೇ ರೌಂಡ್ ಆಡುವವನು ಮಾತ್ರ ಮರದ ಸಂದಿಯಲ್ಲೇ ಇರ್ತಾನೆ. ಹದಿನೆಂಟು ಜನರಲ್ಲಿ ಆರು ಜನ ಎರಡು ತಿಂಗಳಲ್ಲಿ ಬಿಟ್ಟುಹೋದರು.

ಆಮೇಲೆ ಸ್ಟ್ರೋಕ್ ಬಿಟ್ಟುಕೊಡೋ ಪದ್ಧತಿ ತಂದೆ: ಹ್ಯಾಂಡಿಕ್ಯಾಪ್ ಅಂತ ದುರ್ಬಲ ಆಟಗಾರನ ಸ್ಕೋರಿನಿಂದ ಒಂದಷ್ಟು ಹೊಡೆತ ಕಳೆಯೋದು. ಮೂರನೇ ವಾರದಿಂದಲೇ ಒಬ್ಬರಿಬ್ಬರು ಬೇಕಂತಲೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಏರಿಸಿಕೊಂಡರು. ಹಿಡಿಯೋದು ಕಷ್ಟವಾಗಲಿಲ್ಲ: ಹದಿನೇಳನೇ ಹೋಲ್‌ವರೆಗೆ ಪಾರ್, ಕೊನೆಯದರಲ್ಲಿ ಒಂಬತ್ತು. ಕೈಬಿಟ್ಟೆ.

ಮೂರನೆಯದು ಉದ್ದದ ಮೋಹ. 7,600 ಗಜದ ಕೋರ್ಸ್ ಹಾಕಿದರೆ ಕಷ್ಟವಾಗುತ್ತೆ ಅಂದುಕೊಂಡೆ. ದೂರ ಹೊಡೆಯೋ ಪವರ್‌ಹೌಸ್ ಆರ್ಕಿಟೈಪ್ (ಆಟಗಾರನ ಬಗೆ) ಇಟ್ಟುಕೊಂಡು ಕ್ಲಬ್ಬಿಗೆಲ್ಲ ಫಿಟ್ಟಿಂಗ್ (ಗುಣ ಹೆಚ್ಚಿಸೋ ಬಿಡಿಭಾಗ) ಹಾಕಿಸಿದವರು ಅಲ್ಲೂ ಎರಡನೇ ಶಾಟಿಗೆ ಕಮ್ಮಿ ದೂರದ ಎಂಟನೇ ಐರನ್ ಹಿಡಿದರು. ಉಳಿದವರು ದೂರದ ಹೊಡೆತದ ಕ್ಲಬ್ಬಾದ ಫೇರ್‌ವೇ ವುಡ್ ಬೀಸಿ ಬೀಸಿ ಸುಸ್ತು. ಉದ್ದ ಜಾಸ್ತಿಯಾದಷ್ಟೂ ಅಂತರ ಹಿಗ್ಗುತ್ತೆ, ಅಷ್ಟೇ.

ದಾರಿ ಸಿಕ್ಕಿದ್ದು ನಿಜವಾದ ಗಾಲ್ಫಿನ ಸ್ಲೋಪ್ ಲೆಕ್ಕದಲ್ಲಿ. ಸ್ಲೋಪ್ ಅಂದರೆ ಕೋರ್ಸ್ ಎಷ್ಟು ಕಷ್ಟ ಅನ್ನೋ ಅಂಕಿ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಕಷ್ಟ ಹೇಳೋದು ಕೋರ್ಸ್ ರೇಟಿಂಗ್. ಸ್ಲೋಪ್ ಹೇಳೋದು ಸ್ಕ್ರಾಚ್ ಆಟಗಾರನಿಗಿಂತ (ಪಾರ್ ಆಸುಪಾಸು ಆಡೋ ಗಟ್ಟಿಗ) ಬೋಗಿ ಆಟಗಾರನಿಗೆ (ಹೋಲಿಗೆ ಸುಮಾರು ಒಂದು ಹೊಡೆತ ಹೆಚ್ಚು ಹೊಡೆಯೋನು) ಅದು ಎಷ್ಟು ಹೆಚ್ಚು ಕಷ್ಟ ಅಂತ. ಗಂಡಸರ ಲೆಕ್ಕದಲ್ಲಿ ಇಬ್ಬರ ರೇಟಿಂಗಿನ ವ್ಯತ್ಯಾಸಕ್ಕೆ 5.381 ಗುಣಿಸಿದರೆ ಸ್ಲೋಪ್. ಕನಿಷ್ಠ 55, ಗರಿಷ್ಠ 155, ಮಾನಕ 113. ಇದನ್ನೇ ತಂದು ಲೀಗಿಗೆ ಹಚ್ಚಿದೆ. ಮೊದಲ ಮೂವರ ಸರಾಸರಿ, ಕೊನೆಯ ಮೂವರ ಸರಾಸರಿ, ಎರಡರ ವ್ಯತ್ಯಾಸ. ಹಳೇ ಸೆಟ್ಟಿಂಗಿನಲ್ಲಿ 26, ಗುಣಿಸಿದರೆ 140. ಈಗ 14, ಅಂದರೆ 75. ಶಾಸ್ತ್ರೋಕ್ತ ಲೆಕ್ಕ ಅಲ್ಲ, ಶಾಸ್ತ್ರ ತಿಳಿದವರು ಬೈಯಬಹುದು. ಆದರೆ ಎರಡು ಕೋರ್ಸ್ ತೂಗಿ ನೋಡೋಕೆ ಇದಕ್ಕಿಂತ ಒಳ್ಳೆ ತಕ್ಕಡಿ ನನಗೆ ಸಿಕ್ಕಿಲ್ಲ. ಲೀಗಿಗೆ ಬೇಕಾದ್ದು ರೇಟಿಂಗ್ ಜಾಸ್ತಿ, ಸ್ಲೋಪ್ ಕಮ್ಮಿ ಇರೋ ಕೋರ್ಸ್. ಗಟ್ಟಿಗನೂ ಬೆವರಬೇಕು, ಹೊಸಬ ಮುಳುಗಬಾರದು.

ಸ್ಲೋಪ್ ಏರಿಸೋದು ನೀರು ದಾಟಿಸೋ ಶಾಟ್, ಕಿರಿದಾದ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ), ಒತ್ತಾದ ಮರ. ಟಿಪಿಸಿ ಸಾಗ್ರಾಸ್ ಅನ್ನೋ ಅಮೆರಿಕದ ಕೋರ್ಸ್ ಎಲ್ಲರಿಗೂ ಇಷ್ಟ, ಆದರೆ ಹದಿನೇಳರ ಆ ದ್ವೀಪದ ಗ್ರೀನ್ 137 ಗಜವಷ್ಟೇ. ಗಟ್ಟಿಗನಿಗೆ ಹತ್ತಿರದ ಹೊಡೆತದ ವೆಜ್ ಶಾಟ್, ಹೊಸಬನಿಗೆ ಮೂರು ಚೆಂಡು ನೀರುಪಾಲು. ಆ ಒಂದೇ ಹೋಲ್‌ನಲ್ಲಿ ನಾಲ್ಕು ಸ್ಟ್ರೋಕಿನ ಅಂತರ ಬರುತ್ತೆ. ಸೀಸನ್ನಿಗೆ ಒಂದು ಸಲ ಹಬ್ಬದಂತೆ ಹಾಕ್ತೀನಿ, ಪಾಯಿಂಟಿಗೆ ಸೇರಿಸೋದಿಲ್ಲ. ಟಿಪಿಸಿ ರಿವರ್ ಹೈಲ್ಯಾಂಡ್ಸ್ ಇದಕ್ಕೆ ತದ್ವಿರುದ್ಧ. ಪಾರ್ 70, ಟೂರ್ ಲೆಕ್ಕದಲ್ಲಿ ಗಿಡ್ಡ. 2016ರಲ್ಲಿ ಗಾಲ್ಫ್ ಆಟಗಾರ ಜಿಮ್ ಫ್ಯೂರಿಕ್ 58 ಹೊಡೆದದ್ದು ಅಲ್ಲೇ. ಗ್ರೀನ್ ಸಾಫ್ಟ್ ಇಟ್ಟರೆ ಗೇಮ್‌ನಲ್ಲೂ ಬರ್ಡಿಗಳ (ಪಾರ್‌ಗಿಂತ ಒಂದು ಹೊಡೆತ ಕಮ್ಮಿ) ಸುರಿಮಳೆ. ಫರ್ಮ್, ಅಂದರೆ ಗಟ್ಟಿ, ಮಾಡಿದರೆ ಅದೇ ಕೋರ್ಸ್ ಹಲ್ಲು ತೋರಿಸುತ್ತೆ. ರಿವಿಯೇರಾ ನನ್ನ ಮೆಚ್ಚಿನದು. ಹತ್ತನೇ ಹೋಲ್ ಸುಮಾರು 315 ಗಜದ ಪಾರ್ 4, ಅತಿ ದೂರ ಹೊಡೆಯೋ ಡ್ರೈವರ್ ಕ್ಲಬ್ಬಿಗೆ ಗ್ರೀನ್ ಸಿಗೋ ಹಂಗೇ ಇರುತ್ತೆ. ದುರಾಸೆಯವನನ್ನು ಕರೆದು ಬಂಕರಿಗೆ (ಮರಳಿನ ಗುಂಡಿ) ಹಾಕುತ್ತೆ. ಐರನ್ನಿನಲ್ಲಿ ಎಡಕ್ಕೆ ಇಟ್ಟುಕೊಂಡ ಹೊಸಬ ಪಾರ್ ಮಾಡಿ ಮುಂದೆ ಹೋಗ್ತಾನೆ.

ಬಳಕೆದಾರರು ಕಟ್ಟಿದ ಕೋರ್ಸ್‌ಗಳಲ್ಲಿ ಹುಡುಕೋದಾದರೆ ಹದಿನೆಂಟೂ ಆಡಿ ನೋಡಬೇಡಿ. ನಾಲ್ಕು ಹೋಲ್ ಸಾಕು: ಅತಿ ಉದ್ದದ ಪಾರ್ 4, ಅತಿ ಗಿಡ್ಡ ಪಾರ್ 4, ಯಾವುದಾದರೂ ಒಂದು ಪಾರ್ 3, ಹದಿನೆಂಟನೆಯದು. ಮುಂದಿನ ಜಾಗ ಸುತ್ತಿ ತೋರಿಸೋ ಸ್ಕೌಟ್ ಕ್ಯಾಮ್ ಹಾಕಿ ಟೀಯಿಂದ (ಮೊದಲ ಹೊಡೆತದ ಜಾಗ) 280-300 ಗಜದ ಹತ್ತಿರ ಫೇರ್‌ವೇ ಅಗಲ ನೋಡಿ. 35 ಗಜಕ್ಕಿಂತ ಕಿರಿದಿದ್ದರೆ ನಾನು ಬಿಟ್ಟುಬಿಡ್ತೀನಿ. ಆಮೇಲೆ ಗ್ರೀನ್ ಹಿಂದೆ ನಿಂತು ಟೀ ಕಡೆ ತಿರುಗಿ ನೋಡಿ. ಕಟ್ಟಿದವನ ಯೋಚನೆ ಅಲ್ಲಿಂದ ಕಾಣುತ್ತೆ: ಯಾವ ಕಡೆಯಿಂದ ಬಂದರೆ ಗ್ರೀನ್ ಬಾಯಿ ತೆರೆಯುತ್ತೆ, ಯಾವ ಕಡೆಯಿಂದ ಬಂಕರ್ ಅಡ್ಡ. ಎರಡೂ ಕಡೆಯಿಂದ ಒಂದೇ ಥರ ಕಂಡರೆ ಆ ಕೋರ್ಸ್‌ನಲ್ಲಿ ಯೋಚಿಸೋಕೆ ಏನೂ ಇಲ್ಲ. ಗಿಡಮರ ತುಂಬಿ ತುಳುಕೋ ಕೋರ್ಸ್ ಚಂದ ಕಾಣುತ್ತೆ, ಆದರೆ ಹಳೇ ಪಿಸಿಯಲ್ಲಿ ಫ್ರೇಮ್ ಬಿದ್ದು ಸ್ವಿಂಗ್ ಟೈಮಿಂಗ್ ಹಾಳು. ನಮ್ಮಲ್ಲಿ ಅತಿ ಹಳೇ ಲ್ಯಾಪ್‌ಟಾಪ್ ಇರೋ ಹುಡುಗನ ಹತ್ತಿರ ಮೊದಲು ಆಡಿಸ್ತೀನಿ. ಅವನು ಸರಿ ಅಂದರೆ ಪಾಸ್.

ಸೆಟ್ಟಿಂಗ್ ಹೀಗೆ. ಸ್ವಿಂಗ್ ಪ್ರೋ. ಸ್ಕೌಟ್ ಕ್ಯಾಮ್ ಆನ್, ಪಟ್ ಪ್ರಿವ್ಯೂ (ಗ್ರೀನ್ ಮೇಲಿನ ಪಟ್ ಅನ್ನೋ ಹೊಡೆತದ ದಾರಿ ಮೊದಲೇ ತೋರಿಸೋದು) ಆಫ್, ಗ್ರೀನ್ ಗ್ರಿಡ್ ಆನ್. ಗ್ರಿಡ್ಡನ್ನೂ ಆಫ್ ಮಾಡಿ ಒಂದು ವಾರ ನೋಡಿದ್ದೆ. ಹೊಸಬರು ಒಂದೊಂದು ಗ್ರೀನ್‌ನಲ್ಲಿ ಮೂರು ನಾಲ್ಕು ಪಟ್ ಹೊಡೆದು ಒಂಬತ್ತಕ್ಕೇ ನಿಲ್ಲಿಸಿದರು. ಗ್ರೀನ್ ಫರ್ಮ್, ವೇಗ ಅತಿ ಹೆಚ್ಚಿಗಿಂತ ಒಂದು ಹಂತ ಕೆಳಗೆ, ಫೇರ್‌ವೇ ಮೀಡಿಯಂ, ಗಾಳಿ ಮೀಡಿಯಂ. ಎಲ್ಲರಿಗೂ ಸಾದಾ ಚೆಂಡು. ದುಬಾರಿ ಚೆಂಡಿಗೆ ಅಂತ ನಾನೇ ಮೊದಲ ಸೀಸನ್ನಿನಲ್ಲಿ ಎರಡು ಸಾವಿರ ರೂಪಾಯಿ ಹತ್ತಿರ ಸುರಿದಿದ್ದೇನೆ. ಗೆದ್ದದ್ದು ಒಂದು ವಾರ.

ಇದು ಯಾಕೆ ಕೆಲಸ ಮಾಡುತ್ತೆ ಅಂತ ಒಂದು ಶಾಟಿನಲ್ಲೇ ನೋಡಿ. ಪಾರ್ 4, ಪಿನ್‌ಗೆ (ಗುಳಿಯ ಬಾವುಟದ ಕೋಲು) 155 ಗಜ ಉಳಿದಿದೆ, ಪಿನ್ ಎಡಗಡೆ ಬಂಕರಿನ ಬೆನ್ನಿಗೆ. ಸಾಫ್ಟ್ ಗ್ರೀನ್ ಆಗಿದ್ದರೆ ಒಂಬತ್ತನೇ ಐರನ್ನಿನಲ್ಲಿ ನೇರ ಪಿನ್ ಮೇಲೆ ಹಾಕಿದರೆ ಚೆಂಡು ಬಿದ್ದಲ್ಲೇ ಕೂರುತ್ತೆ. ಫರ್ಮ್‌ನಲ್ಲಿ ಅದೇ ಚೆಂಡು ಎಂಟು ಒಂಬತ್ತು ಗಜ ಓಡಿ ಹಿಂದಿನ ರಫ್‌ಗೆ (ಉದ್ದ ಹುಲ್ಲು). ಎಂಟು ಗಜ ಮೊದಲೇ ಬೀಳಿಸೋಣ ಅಂದರೆ ಅಲ್ಲಿ ಬಂಕರ್ ಕೂತಿದೆ. ಗಟ್ಟಿಗ ಪಿನ್ ಬಿಡಲಾರದೆ ಹೊಡೀತಾನೆ, ಇಳಿಜಾರಿನಲ್ಲಿ ಚಿಪ್ ಮಾಡಬೇಕಾಗುತ್ತೆ, ಬೋಗಿ. ಹೊಸಬನಿಗೆ ಆ ಚಪಲ ಇಲ್ಲ. ಗ್ರೀನ್ ನಡುವಿಗೆ ಹಾಕಿ ಮೂವತ್ತು ಅಡಿಯಿಂದ ಎರಡು ಪಟ್, ಪಾರ್. ಸುಲಭ ಸ್ವಿಂಗ್ ಇಬ್ಬರಿಗೂ ಒಂದೇ, ಎಲ್ಲಿಗೆ ಹೊಡೀಬೇಕು ಅನ್ನೋದರಲ್ಲೇ ಸೋಲು ಗೆಲುವು.

ಇದನ್ನೇ ಅತಿ ಮಾಡಿ ಕೈ ಸುಟ್ಟುಕೊಂಡದ್ದೂ ಇದೆ. ವೇಗ ತುದಿಗೆ, ಗಟ್ಟಿತನ ತುದಿಗೆ, ಸಾಲದ್ದಕ್ಕೆ ದಿಬ್ಬದ ಗ್ರೀನ್ ಇರೋ ಕೋರ್ಸ್. ಪಟ್ ಹೊಡೆದರೆ ಚೆಂಡು ಪಿನ್ ದಾಟಿ ಇಳಿಜಾರು ಹಿಡಿದು ಮೂವತ್ತು ಗಜ ಕೆಳಗೆ. ನಿಜವಾದ ಮೈದಾನದಲ್ಲೂ ಗ್ರೀನ್ ವೇಗವಾದಷ್ಟೂ ಪಿನ್ ಇಡೋಕಾಗೋ ಸಮತಟ್ಟು ಜಾಗ ಕಮ್ಮಿಯಾಗುತ್ತೆ. ನಿಧಾನದ ಗ್ರೀನ್‌ನಲ್ಲಿ ಚೆಂಡನ್ನು ಹಿಡಿದಿಟ್ಟ ಇಳಿಜಾರು ವೇಗದ ಗ್ರೀನ್‌ನಲ್ಲಿ ಬಿಟ್ಟುಬಿಡುತ್ತೆ. ಹಾಗಾಗಿ ದಿಬ್ಬದ ಗ್ರೀನ್ ಇದ್ದರೆ ವೇಗ ಎರಡು ಹಂತ ಇಳಿಸಿ, ಚಪ್ಪಟೆ ಗ್ರೀನ್ ಇದ್ದರೆ ಏರಿಸಿ. ಎಲ್ಲ ಕೋರ್ಸಿಗೂ ಒಂದೇ ಸೆಟ್ಟಿಂಗ್ ಅಂಟಿಸಿದರೆ ಕೆಟ್ಟಿತು ಅಂತಲೇ ಲೆಕ್ಕ.

ಸೆಟ್ಟಿಂಗ್ ದೂರುವ ಮೊದಲು ಟಿವಿ ನೋಡಿ. ದುಬೈನಲ್ಲಿರೋ ನಮ್ಮ ಸದಸ್ಯರೊಬ್ಬರಿಗೆ ಪ್ರೋನಲ್ಲೂ ಪ್ರತಿ ಶಾಟೂ ತಪ್ಪುತ್ತಿತ್ತು. ಎರಡು ವಾರ ಸ್ವಿಂಗ್ ಪಾಠ ಮಾಡಿದೆ, ವ್ಯರ್ಥ. ಕೊನೆಗೆ ನೋಡಿದರೆ ಚಿತ್ರ ತಡವಾಗದಂತೆ ನೋಡಿಕೊಳ್ಳೋ ಟಿವಿಯ ಗೇಮ್ ಮೋಡ್ ಆಫ್ ಇತ್ತು, ಕಂಟ್ರೋಲರ್ ಬ್ಲೂಟೂತ್‌ನಲ್ಲಿ. ಗೇಮ್ ಮೋಡ್ ಹಾಕಿ, ಇನ್ನೂರು ರೂಪಾಯಿಯಷ್ಟರ ಕೇಬಲ್ ಚುಚ್ಚಿ, ಸ್ವಿಂಗ್ ಕ್ಯಾಲಿಬ್ರೇಶನ್ ಮತ್ತೆ ಮಾಡಿಸಿದೆ. ಅದೇ ವಾರ ಏಳು ಸ್ಟ್ರೋಕ್ ಕಮ್ಮಿ. ನನ್ನ ಐದೂವರೆ ಸಾವಿರದ ಕಂಟ್ರೋಲರ್‌ಗೆ ಸ್ಟಿಕ್ ಸವೆದಾಗಲೂ ಹೀಗೇ, ಚೆಂಡು ಸದಾ ಬಲಕ್ಕೆ. ನಾನು ಬೈದದ್ದು ಗಾಳಿಯನ್ನು.

ನಡುವೆ ಒಂದು ಹುಚ್ಚು: ಕೋರ್ಸ್ ಡಿಸೈನರ್‌ನಲ್ಲಿ ನಾನೇ ಒಂದು ಕಟ್ಟಿದೆ. ನಲವತ್ತು ಸಂಜೆ ಹೋಯ್ತು. ಎಂಬತ್ತು ಚಿಲ್ಲರೆ ಬಂಕರ್. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಓಲ್ಡ್ ಕೋರ್ಸ್‌ನಲ್ಲಿ 112 ಇವೆಯಲ್ಲ, ನನ್ನದರಲ್ಲಿ ಇದ್ದರೇನು ಅಂತ ಧೈರ್ಯ. ಅಲ್ಲಿ ಬಂಕರ್ ತಪ್ಪಿಸಿಕೊಂಡು ಹೋಗೋಕೆ ಪಕ್ಕದಲ್ಲಿ ವಿಶಾಲ ಜಾಗ ಇದೆ, ಒಂದನೇ ಹೋಲ್ ಮತ್ತು ಹದಿನೆಂಟನೇ ಹೋಲ್‌ಗೆ ಫೇರ್‌ವೇ ಒಂದೇ. ನಾನು ಜಾಗ ಬಿಟ್ಟಿರಲಿಲ್ಲ, ಬಂಕರ್ ಮಾತ್ರ ತಂದಿದ್ದೆ. ಸ್ಲೋಪ್ ಲೆಕ್ಕ ಹಾಕಿದರೆ 150 ದಾಟಿತು. ಯಾರೂ ಎರಡನೇ ಸಲ ಆಡಲಿಲ್ಲ.

ದುಡ್ಡಿನ ಮಾತು. ಮೊದಲು ತಲೆಗೆ ಇನ್ನೂರು ರೂಪಾಯಿ ಹಾಕಿ ಗೆದ್ದವನಿಗೆ ಕೊಡ್ತಿದ್ದೆವು. 2025ರಲ್ಲಿ ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದ ಮೇಲೆ ಅದನ್ನು ಪೂರ್ತಿ ನಿಲ್ಲಿಸಿದ್ದೇವೆ. ಈಗ ಗೆದ್ದವನಿಗೆ ಮುಂದಿನ ವಾರದ ಕೋರ್ಸ್ ಆರಿಸೋ ಹಕ್ಕು. ಹಣಕ್ಕಿಂತ ಇದಕ್ಕೇ ಜಗಳ ಜಾಸ್ತಿ.

ಹೊಸದಾಗಿ ಬರುವವರಿಗೆ ಕೊಡೋ ಲೆಕ್ಕ ಮೂರೇ ಸಾಲು. ಮೂರು ಅಡಿ ಏರಿಗೆ ಒಂದು ಗಜ ಕೂಡಿಸಿ, ಮೂರು ಅಡಿ ಇಳಿಗೆ ಒಂದು ಗಜ ಕಳೆಯಿರಿ. ಎದುರು ಗಾಳಿ ಗಂಟೆಗೆ ಒಂದು ಮೈಲಿಗೆ ದೂರದ ಶೇ. 1 ಕೂಡಿಸಿ. ಹಿಂದಿನ ಗಾಳಿಗೆ ಅರ್ಧ ಮಾತ್ರ ಕಳೆಯಿರಿ. ಗೇಮ್‌ನಲ್ಲಿ ಇದು ಕರಾರುವಾಕ್ಕಲ್ಲ, ಶುರುಮಾಡೋಕೆ ಸಾಕು. ಫರ್ಮ್ ಗ್ರೀನ್‌ನಲ್ಲಿ ಯಾವ ಕ್ಲಬ್ ಎಷ್ಟು ಗಜ ಓಡುತ್ತೆ ಅನ್ನೋ ಪಟ್ಟಿ ನನ್ನ ಹತ್ತಿರ ಇದೆ. ಅದನ್ನು ಕೊಡಲ್ಲ, ನಾನೂ ಅದೇ ಲೀಗಿನಲ್ಲಿ ಆಡುವವನು. 

ಬಾಕಿ ಇರೋದು ಗಾಳಿ. ಜೋರು ಗಾಳಿಯನ್ನು ಮರಗಳ ಕೋರ್ಸ್‌ನಲ್ಲಿ ಹಾಕಿದರೆ ಅದೃಷ್ಟದಾಟ, ಬಯಲು ಲಿಂಕ್ಸ್‌ನಲ್ಲಿ (ಮರಗಳಿಲ್ಲದ ಕಡಲತೀರದ ಬಗೆಯ ಕೋರ್ಸ್) ಹಾಕಿದರೆ ಆಟ. ಕಳೆದ ತಿಂಗಳು ಬಳಕೆದಾರರು ಕಟ್ಟಿದ ಒಂದು ಲಿಂಕ್ಸ್‌ನಲ್ಲಿ ಗಾಳಿ ಜೋರು, ಗ್ರೀನ್ ಮೀಡಿಯಂ ಇಟ್ಟು ನೋಡಿದೆ. ವ್ಯತ್ಯಾಸ 17 ಬಂತು, 14ಕ್ಕೆ ಇಳಿಯಲಿಲ್ಲ. ಟೀ ಒಂದು ಹಂತ ಮುಂದೆ ತಂದು ಇನ್ನೆರಡು ವಾರ ಆಡಿಸಬೇಕು. ಅಲ್ಲಿವರೆಗೆ ಪಾಯಿಂಟಿನ ರೌಂಡ್‌ಗಳಿಗೆ ಗಾಳಿ ಮೀಡಿಯಂನಲ್ಲೇ ಇರುತ್ತೆ.