ಅಮೆರಿಕದಲ್ಲಿ ಮೊದಲ ಕಂಪ್ಯೂಟರ್: ಕೊಡಗಿನಿಂದ ಹೊರಟವರಿಗೆ ಕ್ರೆಡಿಟ್ ಕಾರ್ಡಿನ ಲೆಕ್ಕ

ಕೊಡಗಿನಲ್ಲಿ ಸಾಲದ ಲೆಕ್ಕ ಕಾಫಿಯ ಜೊತೆಗೇ ನಡೆಯುತ್ತದೆ. ಸೋಮವಾರಪೇಟೆಯ ಅಂಗಡಿಯೊಂದರಲ್ಲಿ ಪಂಪ್‌ಸೆಟ್ಟನ್ನೋ ಫ್ರಿಜ್ಜನ್ನೋ ಕೊಂಡವರು “ಕಾಫಿ ಮಾರಿದ ಮೇಲೆ ಕೊಡುತ್ತೇನೆ” ಎಂದರೆ ಅಂಗಡಿಯವರು ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡು ಸುಮ್ಮನಾಗುತ್ತಾರೆ. ಏಕೆಂದರೆ ಅವರಿಗೆ ನಮ್ಮ ತೋಟ ಗೊತ್ತು, ಮನೆತನ ಗೊತ್ತು, ಈ ಸಲ ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದಿತೇ ಎಂಬುದೂ ಗೊತ್ತು. ಅಮೆರಿಕದಲ್ಲಿ ಸಾಲ ಕೊಡುವವನಿಗೆ ಇವೇನೂ ಬೇಕಿಲ್ಲ. ಅವನು ನೋಡುವುದು ಒಂದು ಕಡತವನ್ನು ಮತ್ತು ಕೆಲವು ತಾರೀಖುಗಳನ್ನು. ಹಲವು ವರ್ಷ ಅಲ್ಲಿದ್ದು ಮರಳಿರುವ ನನ್ನನ್ನು, ಪ್ರತಿ ಮಳೆಗಾಲದಲ್ಲಿ ಓದಿಗೋ ಕೆಲಸಕ್ಕೋ ಹೊರಟವರು ಬಂದು ಯಾವ ಕಂಪ್ಯೂಟರ್ ಕೊಳ್ಳಬೇಕೆಂದು ಕೇಳುತ್ತಾರೆ. ಯಾವ ಕಾರ್ಡಿನಲ್ಲಿ, ಯಾವ ದಿನ ಕೊಳ್ಳುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ ಎಂಬುದು ನನ್ನ ಉತ್ತರ.

ಇಲ್ಲಿನ ಸಿಬಿಲ್ ಅಂಕ ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯವಾಗಿ ಅಲ್ಲಿ ಅದಕ್ಕೆ ಬೆಲೆಯಿಲ್ಲ. ಲೆಕ್ಕ ಸೊನ್ನೆಯಿಂದ ಆರಂಭವಾಗುತ್ತದೆ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳು ಪ್ರತಿಯೊಬ್ಬರ ಸಾಲದ ಚರಿತ್ರೆಯನ್ನು ದಾಖಲಿಸುತ್ತವೆ, ಆ ದಾಖಲೆಯಿಂದ 300ರಿಂದ 850ರವರೆಗಿನ ಫೈಕೋ ಅಂಕ ಹುಟ್ಟುತ್ತದೆ. ಅದರಲ್ಲಿ ಶೇ. 35ರಷ್ಟು ತೂಕ ಹೊತ್ತಿಗೆ ಸರಿಯಾಗಿ ಕಟ್ಟಿದ್ದೀರಾ ಎಂಬುದಕ್ಕೆ, ಶೇ. 30ರಷ್ಟು ಎಷ್ಟು ಬಾಕಿ ಇಟ್ಟುಕೊಂಡಿದ್ದೀರಿ ಎಂಬುದಕ್ಕೆ. ಚರಿತ್ರೆಯೇ ಇಲ್ಲದವರಿಗೆ ಇರುವ ಸುಲಭದ ಬಾಗಿಲೆಂದರೆ ಸೆಕ್ಯೂರ್ಡ್ ಕಾರ್ಡ್: 200ರಿಂದ 500 ಡಾಲರ್ ಠೇವಣಿ ಇಟ್ಟರೆ ಸಾಮಾನ್ಯವಾಗಿ ಅಷ್ಟೇ ಮಿತಿಯ ಕಾರ್ಡ್ ಕೊಡುತ್ತಾರೆ, ಸರಿಯಾಗಿ ನಡೆದುಕೊಂಡರೆ ಠೇವಣಿ ಹಿಂದಕ್ಕೆ ಬರುತ್ತದೆ. ಕೆಲಸದ ವೀಸಾದವರಿಗೆ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ (ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಸಿಗುವುದರಿಂದ ಅರ್ಜಿ ಸಲೀಸು. ಎಫ್-1 ಎಂಬ ಓದಿನ ವೀಸಾದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಕ್ಯಾಂಪಸ್ಸಿನಲ್ಲಿ ಕೆಲಸ ಸಿಗುವವರೆಗೆ ಆ ಸಂಖ್ಯೆ ಸಿಗದ ಕಾರಣ, ಪಾಸ್‌ಪೋರ್ಟ್ ನೋಡಿ ಕಾರ್ಡ್ ಕೊಡುವ ಬ್ಯಾಂಕನ್ನು ಹುಡುಕಬೇಕು. 21 ವರ್ಷ ತುಂಬದವರು ಸ್ವಂತ ಆದಾಯವನ್ನೋ 21 ತುಂಬಿದ ಜಾಮೀನುದಾರರನ್ನೋ ತೋರಿಸಬೇಕೆಂಬ ನಿಯಮ ಅಮೆರಿಕದ 2009ರ ಕ್ರೆಡಿಟ್ ಕಾರ್ಡ್ ಕಾಯ್ದೆಯಲ್ಲಿದೆ. ಗಂಡ ಅಥವಾ ಹೆಂಡತಿಯ ಜೊತೆ ಹೋದವರು ಅವರ ಕಾರ್ಡಿನಲ್ಲೇ ಆಥರೈಸ್ಡ್ ಯೂಸರ್ (ಅದೇ ಖಾತೆಯನ್ನು ಬಳಸಲು ಅನುಮತಿ ಪಡೆದವರು) ಆಗಿ ಹೆಸರು ಸೇರಿಸಿಕೊಳ್ಳುವುದು ಜಾಣತನ.

ಇನ್ನು ಸ್ಟೇಟ್‌ಮೆಂಟ್ ಎಂಬ ಹಾಳೆ, ಅಂದರೆ ಕಾರ್ಡಿನ ತಿಂಗಳ ಬಿಲ್ಲು. ಅದರಲ್ಲಿ ಎರಡು ತಾರೀಖುಗಳಿರುತ್ತವೆ, ಹೊಸಬರು ಇವೆರಡನ್ನೂ ಒಂದೇ ಎಂದುಕೊಂಡು ಎಡವುತ್ತಾರೆ. ಒಂದು, ಆ ತಿಂಗಳ ಲೆಕ್ಕ ಮುಗಿಯುವ ದಿನ. ಇನ್ನೊಂದು, ಹಣ ಕಟ್ಟಲು ಕೊನೆಯ ದಿನ. ಬಿಲ್ಲು ಕಳುಹಿಸಿದ ಮೇಲೆ ಕಟ್ಟಲು ಕನಿಷ್ಠ 21 ದಿನ ಕೊಡಬೇಕೆಂದು ಕಾನೂನಿದೆ. ಲೆಕ್ಕ ಸೆಪ್ಟೆಂಬರ್ 5ಕ್ಕೆ ಮುಗಿಯುತ್ತದೆ ಎಂದುಕೊಳ್ಳಿ. ಕಂಪ್ಯೂಟರನ್ನು 4ನೇ ತಾರೀಖು ಕೊಂಡರೆ ಅದು ಮರುದಿನದ ಬಿಲ್ಲಿಗೇ ಬಂದು ಆ ತಿಂಗಳ ಕೊನೆಯೊಳಗೆ ಹಣ ಕಟ್ಟಬೇಕಾಗುತ್ತದೆ; 6ನೇ ತಾರೀಖು ಕೊಂಡರೆ ಅಕ್ಟೋಬರ್ 5ರ ಬಿಲ್ಲಿಗೆ ಹೋಗಿ, ಅಕ್ಟೋಬರ್ ಕೊನೆಯವರೆಗೆ ಬಡ್ಡಿಯಿಲ್ಲದೆ 50ಕ್ಕೂ ಹೆಚ್ಚು ದಿನ ಸಿಗುತ್ತವೆ. ಆದರೆ ಹಿಂದಿನ ಬಿಲ್ಲನ್ನು ಪೂರ್ತಿ ತೀರಿಸಿದವರಿಗೆ ಮಾತ್ರ ಈ ಸೌಲಭ್ಯ.

ಸಾಮಾನ್ಯವಾಗಿ ಬ್ಯಾಂಕು ಆ ಮೂರು ಸಂಸ್ಥೆಗಳಿಗೆ ವರದಿ ಮಾಡುವುದು ಲೆಕ್ಕ ಮುಗಿದ ದಿನದ ಬಾಕಿಯನ್ನು. 1,500 ಡಾಲರ್ ಮಿತಿಯ ಕಾರ್ಡಿನಲ್ಲಿ 1,200 ಡಾಲರಿನ ಲ್ಯಾಪ್‌ಟಾಪ್ ಕೊಂಡು, ಕೊನೆಯ ದಿನ ಪ್ರಾಮಾಣಿಕವಾಗಿ ಪೂರ್ತಿ ಕಟ್ಟಿದರೂ ಕಡತದಲ್ಲಿ ಶೇ. 80ರಷ್ಟು ಮಿತಿ ಬಳಸಿದವರೆಂದು ದಾಖಲಾಗಿ ಅಂಕ ಇಳಿಯಬಹುದು. ಆದ್ದರಿಂದ ಹಣ ಕೈಯಲ್ಲಿದ್ದರೆ ಲೆಕ್ಕ ಮುಗಿಯುವ ಮೊದಲೇ ಬಹುಪಾಲು ಕಟ್ಟಿ, ಬಾಕಿಯನ್ನು ಮಿತಿಯ ಶೇ. 30ಕ್ಕಿಂತ ಕೆಳಗಿಡುವುದು ಒಳ್ಳೆಯದು. ಬೇಗ ಕಟ್ಟಿದವನಿಗೆ ಹೆಚ್ಚು ಮರ್ಯಾದೆ ಎಂಬುದು ನಮ್ಮ ಅಂಗಡಿಗಳಲ್ಲೂ ಇರುವ ರೂಢಿಯೇ.

ಅದೇ ಹಾಳೆಯಲ್ಲಿ ಚೌಕಟ್ಟು ಹಾಕಿದ ಒಂದು ಎಚ್ಚರಿಕೆ ಇರುತ್ತದೆ: ತಿಂಗಳಿಗೆ ಮಿನಿಮಮ್ (ಬ್ಯಾಂಕು ಕೇಳುವ ಕನಿಷ್ಠ ಕಂತು) ಮಾತ್ರ ಕಟ್ಟುತ್ತ ಹೋದರೆ ಸಾಲ ತೀರಲು ಎಷ್ಟು ಕಾಲ ಬೇಕು, ಒಟ್ಟು ಎಷ್ಟಾಗುತ್ತದೆ ಎಂಬುದು. ಮೊದಲ ಸಲ ಅದನ್ನು ಪೂರ್ತಿ ಓದಿ. ವರ್ಷಕ್ಕೆ ಶೇ. 24 ಬಡ್ಡಿಯ ಕಾರ್ಡಿನಲ್ಲಿ 1,200 ಡಾಲರ್ ಬಾಕಿ ಇಟ್ಟು ತಿಂಗಳಿಗೆ 35 ಡಾಲರ್ ಕಟ್ಟುತ್ತ ಬಂದರೆ ತೀರಲು ಸುಮಾರು 5 ವರ್ಷ ಬೇಕು, ಬಡ್ಡಿಯೇ 840 ಡಾಲರ್ ದಾಟುತ್ತದೆ. ಅಷ್ಟು ಹೊತ್ತಿಗೆ ಆ ಕಂಪ್ಯೂಟರಿನ ಬ್ಯಾಟರಿ ಸೊರಗಿರುತ್ತದೆ.

ದೊಡ್ಡ ಅಂಗಡಿಗಳು ಕೌಂಟರಿನಲ್ಲೇ ತಮ್ಮ ಸ್ವಂತ ಕಾರ್ಡ್ ಕೊಟ್ಟು “12 ತಿಂಗಳೊಳಗೆ ಪೂರ್ತಿ ತೀರಿಸಿದರೆ ಬಡ್ಡಿಯಿಲ್ಲ” ಎನ್ನುತ್ತವೆ. ಈ ವಾಕ್ಯದಲ್ಲಿರುವ ‘ತೀರಿಸಿದರೆ’ ಎಂಬ ಮಾತನ್ನು ನಾನು ಮೊದಲ ವರ್ಷ ಲಘುವಾಗಿ ಓದಿದೆ. ತಿಂಗಳಿಗೆ 100 ಡಾಲರಿನಂತೆ ಕಟ್ಟುತ್ತ ಬಂದು, ಕೊನೆಯ ಕಂತಿನಲ್ಲಿ 20 ಡಾಲರ್ ಕಡಿಮೆ ಕಳುಹಿಸಿದ್ದೆ. ಮುಂದಿನ ಬಿಲ್ಲಿನಲ್ಲಿ ಕೊಂಡ ದಿನದಿಂದ ಲೆಕ್ಕ ಹಾಕಿದ ಬಡ್ಡಿ ಒಟ್ಟಿಗೆ ಬಂದಿತ್ತು, ಸುಮಾರು 200 ಡಾಲರ್. ಸಿಟ್ಟು ಬಂದರೂ ತಪ್ಪು ನನ್ನದೇ ಆಗಿತ್ತು. ನಮ್ಮ ಪತ್ತಿನ ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲವನ್ನು ಗಡುವಿನೊಳಗೆ ಕಟ್ಟದಿದ್ದರೆ ರಿಯಾಯಿತಿ ತಪ್ಪಿ ಬಡ್ಡಿ ಮೇಲೆ ಬೀಳುತ್ತದೆಂದು ಚೆನ್ನಾಗಿ ತಿಳಿದಿದ್ದ ನಾನು, ಅದೇ ನಿಯಮ ಇಂಗ್ಲಿಷಿನಲ್ಲಿ ಬರೆದಿದ್ದಾಗ ಗುರುತಿಸಲಿಲ್ಲ. ಕೆಲವು ಬ್ಯಾಂಕುಗಳ ಕಾರ್ಡಿನಲ್ಲಿ ಬರುವ ಶೇ. 0 ಪರಿಚಯ ದರ, ಅಂದರೆ ಮೊದಲ ಕೆಲವು ತಿಂಗಳು ಬಡ್ಡಿಯಿಲ್ಲದಿರುವುದು, ಬೇರೆ ಬಗೆಯದು. ಅಲ್ಲಿ ಅವಧಿ ಮುಗಿದ ಮೇಲೆ ಉಳಿದ ಬಾಕಿಗೆ ಮಾತ್ರ ಬಡ್ಡಿ. ಎರಡರಲ್ಲಿ ಯಾವುದೆಂದು ಸಹಿ ಮಾಡುವ ಮೊದಲು ಕೇಳಿ.

ಅಪ್ಪನ ಕಾರ್ಡನ್ನೇ ಒಯ್ದು ಉಜ್ಜಿದರಾಯಿತು ಎನ್ನುವವರಿದ್ದಾರೆ. ಭಾರತದ ಬಹುತೇಕ ಕಾರ್ಡುಗಳು ಡಾಲರ್ ಖರ್ಚಿನ ಮೇಲೆ ಸುಮಾರು ಶೇ. 2ರಿಂದ 3.5ರಷ್ಟು ಮಾರ್ಕಪ್ ಶುಲ್ಕವನ್ನೂ ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿಯನ್ನೂ ಹಾಕುತ್ತವೆ. 2020ರಿಂದ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆಯನ್ನು ನಾವೇ ತೆರೆದುಕೊಳ್ಳಬೇಕು, ಅದನ್ನು ಊರು ಬಿಡುವ ಮುನ್ನವೇ ಮಾಡಿಕೊಳ್ಳಿ. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಬೇಡ, ಡಾಲರಿನಲ್ಲೇ ಎನ್ನಿ. ಅವರ ವಿನಿಮಯ ದರ ಸಾಮಾನ್ಯವಾಗಿ ದುಬಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಅಪ್ಪನ ಕಾರ್ಡಿನಿಂದ ನಿಮ್ಮ ಕಡತಕ್ಕೆ ಒಂದು ಸಾಲೂ ಸೇರುವುದಿಲ್ಲ.

ಯಂತ್ರದ ವಿಷಯ ಬೇಗ ಮುಗಿಯುತ್ತದೆ. ಮನೆಬಳಕೆಗೆ, ಮಕ್ಕಳ ಓದಿಗೆ, ಕಚೇರಿ ಕೆಲಸಕ್ಕೆ 16 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿ ಸಾಕು. ಬಳಸಿದ ಯಂತ್ರ ಕೊಳ್ಳುವವರು ಅದು ವಿಂಡೋಸ್ 11ಕ್ಕೆ ಒಗ್ಗುತ್ತದೆಯೇ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಗಡಿಯ ಚೀಟಿಯಲ್ಲಿ ಕಾಣುವ ಬೆಲೆ ನಮ್ಮ ಎಂಆರ್‌ಪಿಯಂತೆ ತೆರಿಗೆ ಸೇರಿದ್ದಲ್ಲ; ಕ್ಯಾಲಿಫೋರ್ನಿಯಾದ ಕನಿಷ್ಠ ಶೇ. 7.25 ದರದಲ್ಲೇ 1,200ಕ್ಕೆ 87 ಡಾಲರ್ ಮೇಲೆ ಬೀಳುತ್ತದೆ, ಆರೆಗನ್, ಡೆಲಾವೇರ್, ಮೊಂಟಾನ, ನ್ಯೂ ಹ್ಯಾಂಪ್‌ಶೈರ್ ಮತ್ತು ಅಲಾಸ್ಕದಲ್ಲಿ ರಾಜ್ಯದ ಮಾರಾಟ ತೆರಿಗೆ ಇಲ್ಲ. ಆತುರವಿಲ್ಲದವರು ನವೆಂಬರಿನ ನಾಲ್ಕನೇ ಗುರುವಾರದ ಮರುದಿನ ಬರುವ ಬ್ಲ್ಯಾಕ್ ಫ್ರೈಡೇವರೆಗೆ ಕಾಯಬಹುದು. ಇಲ್ಲಿ ಹುತ್ತರಿಯ ಆಸುಪಾಸಿನ ಕಾಲ ಅದು. “ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ” ಎಂಬ ಫಲಕ ನೋಡಿ ಬೆಳೆದ ನಮಗೆ, ಬಹುತೇಕ ಅಂಗಡಿಗಳು 14ರಿಂದ 30 ದಿನಗಳೊಳಗೆ ವಾಪಸು ತೆಗೆದುಕೊಳ್ಳುತ್ತವೆ ಎಂಬುದು ನಂಬಲು ಕಷ್ಟ. ರಸೀದಿ ಮತ್ತು ಪೆಟ್ಟಿಗೆಯನ್ನು ಅಷ್ಟು ದಿನ ಎಸೆಯಬೇಡಿ.

ಡೆಬಿಟ್ ಕಾರ್ಡಿಗಿಂತ ಕ್ರೆಡಿಟ್ ಕಾರ್ಡ್ ಏಕೆ ಎಂಬುದಕ್ಕೆ ಕಾನೂನಿನಲ್ಲೇ ಉತ್ತರವಿದೆ. ಬಿಲ್ಲಿನಲ್ಲಿ ತಪ್ಪಿದ್ದರೆ, ತರಿಸಿದ ಸಾಮಾನು ಬಾರದಿದ್ದರೆ, ಬಿಲ್ಲು ಕಳುಹಿಸಿದ 60 ದಿನಗಳೊಳಗೆ ತಲುಪುವಂತೆ ಬ್ಯಾಂಕಿಗೆ ಬರೆದು ತಕರಾರು ಹೂಡಬಹುದು. ಬ್ಯಾಂಕು 30 ದಿನಗಳಲ್ಲಿ ಪತ್ರ ತಲುಪಿದ್ದನ್ನು ತಿಳಿಸಿ, ಹೆಚ್ಚೆಂದರೆ 90 ದಿನಗಳಲ್ಲಿ ತೀರ್ಮಾನಿಸಬೇಕು, ತಕರಾರಿನ ಮೊತ್ತವನ್ನು ಅಲ್ಲಿಯವರೆಗೆ ನೀವು ಕಟ್ಟಬೇಕಿಲ್ಲ. ಕದ್ದ ಕಾರ್ಡಿನ ಬಳಕೆಗೆ ನಿಮ್ಮ ಹೊಣೆ 50 ಡಾಲರಿಗೆ ಮೀರುವುದಿಲ್ಲ. ಡೆಬಿಟ್ ಕಾರ್ಡಿನಲ್ಲಾದರೆ ಹಣ ಆಗಲೇ ನಿಮ್ಮ ಖಾತೆಯಿಂದ ಹೋಗಿರುತ್ತದೆ, ತಿಳಿಸಲು ತಡವಾದಷ್ಟೂ ಹೊಣೆ ಏರುತ್ತದೆ.

ಮುಂದೆ ಆ ಕಂಪ್ಯೂಟರನ್ನು ಊರಿಗೆ ತರುವ ಯೋಚನೆಯಿದ್ದರೆ ಲ್ಯಾಪ್‌ಟಾಪನ್ನೇ ಕೊಳ್ಳಿ. 18 ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು, ಡೆಸ್ಕ್‌ಟಾಪಿಗೆ ಆ ವಿನಾಯಿತಿ ಇಲ್ಲ. ಅಡಾಪ್ಟರಿನ ಬೆನ್ನಿನ ಮೇಲೆ 100–240 ವೋಲ್ಟ್ ಎಂದಿದ್ದರೆ ಇಲ್ಲಿನ 230 ವೋಲ್ಟಿಗೆ ಪ್ಲಗ್ ಬದಲಿಸಿದರೆ ಸಾಕು; ಆದರೆ ಮಡಿಕೇರಿಯ ಜುಲೈ ತಿಂಗಳ ಥಂಡಿಗೆ ಬೂಷ್ಟು ಹಿಡಿಯದಂತೆ ದಿನವೂ ಸ್ವಲ್ಪ ಹೊತ್ತು ಚಾಲೂ ಮಾಡಬೇಕು. ಕೊನೆಯದಾಗಿ ಒಂದು ಮಾತು: ವಿಮಾನ ಹತ್ತುವ ವಾರ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಕಾರ್ಡಿನ ಕೊನೆಯ ಬಿಲ್ಲು ನೀವು ಊರು ತಲುಪಿದ ಮೇಲೆ ಬರುತ್ತದೆ, ಅದನ್ನು ಕಟ್ಟಲು ಆ ಖಾತೆಯಲ್ಲಿ ಹಣವಿರಬೇಕು.