ಜಮಖಾನದ ಮೇಲೆ ನಾಲ್ಕು ಸಿನಿಮಾ

ನಾಲ್ಕನೇ ಸಂಜೆ ಗಿರ್ಮಿಟ್ ಖಾಲಿಯಾಯಿತು. ಚುರುಮುರಿ ತರಲು ಹುಡುಗನನ್ನು ಎರಡನೇ ಸಲ ಓಡಿಸಿದಾಗಲೇ ನನಗೆ ಗೊತ್ತಾಯಿತು, ಈ ಸಲ ನಮ್ಮ ಪುಟ್ಟ ಚಿತ್ರೋತ್ಸವ ದಡ ಸೇರಿತು ಅಂತ. "ಧಾರವಾಡದಾಗ ಸಬ್‌ಟೈಟಲ್ ಪಿಚ್ಚರಿಗೆ ರೊಕ್ಕಾ ಕೊಟ್ಟು ಯಾರ್ ಬರ್ತಾರ್ರೀ?" ಎಂದಿದ್ದ ಗೆಳೆಯರು ಅವತ್ತು ಬಾಗಿಲ ಹತ್ತಿರ ನಿಂತೇ ಸಿನಿಮಾ ನೋಡಿದರು. ಕೂರಲು ಜಾಗ ಇರಲಿಲ್ಲ. ನನಗೆ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ.

ಮೊದಲ ವರ್ಷ ಹುಬ್ಬಳ್ಳಿಯಲ್ಲಿ ಒಂದು ಮಲ್ಟಿಪ್ಲೆಕ್ಸ್ ಪರದೆ ಬಾಡಿಗೆಗೆ ಹಿಡಿದಿದ್ದೆ. ದೊಡ್ಡ ಊರಿನ ಉತ್ಸವಗಳ ಹಾಗೆ ದಿನಕ್ಕೆ ನಾಲ್ಕು ಚಿತ್ರ. ಒಂದು ಶೋಗೆ 11 ಜನ, ಅದರಲ್ಲಿ ನಾಲ್ವರು ನಮ್ಮ ಮನೆಯವರೇ. ಥಿಯೇಟರಿಗೆ ಬರುವ ಡಿಜಿಟಲ್ ಚಿತ್ರದ ಫೈಲು, ಡಿಸಿಪಿ ಅಂತಾರೆ, ಅದಕ್ಕೊಂದು ಬೀಗ ಇರುತ್ತದೆ; ಒಂದು ಚಿತ್ರದ ಕೀ ಮಧ್ಯಾಹ್ನದಿಂದ ಚಾಲ್ತಿ, ನಮ್ಮ ಶೋ ಬೆಳಿಗ್ಗೆ ಹತ್ತಕ್ಕೆ. ಉತ್ಸವ ನಡೆಸಿದವರಿಗೆ ಇದು ಆಗಿಯೇ ಇರುತ್ತದೆ, ಬಿಡಿ. ಸುಮಾರು 60 ಸಾವಿರ ಹೋಯಿತು.

ಎರಡನೇ ವರ್ಷ ಧಾರವಾಡದ ಒಂದು ತಗಡಿನ ಹಾಲ್, ಪ್ರವೇಶ ಫ್ರೀ. ಫ್ರೀ ಅಂದರೆ ಜನ ಬರುತ್ತಾರೆ, ಕೂರುವುದಿಲ್ಲ. ಜುಲೈ ಬೇರೆ. ಮಾತೇ ಕಡಿಮೆ ಇರುವ ಚಿತ್ರ ನಡೆಯುವಾಗ ತಗಡಿನ ಮೇಲೆ ಮಳೆ ಸುರಿಯಿತು. ಆಮೇಲೆ ಒಬ್ಬರು ನಿರ್ದೇಶಕನಿಗೆ "ಸೌಂಡ್ ಭಾಳ ಚಲೋ ಮಾಡೀರಿ" ಎಂದರು. ಅವನು ಥ್ಯಾಂಕ್ಸ್ ಹೇಳಿದ. ನಾನು ಬಾಯಿ ಬಿಡಲಿಲ್ಲ.

ಉಪಾಯ ಹೊಳೆದದ್ದು ಒಂದು ಸಂಗೀತ ಬೈಠಕ್‌ನಲ್ಲಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಹಾಡಿದ ಊರು ಇದು. ಇಲ್ಲಿನ ಹಿರಿಯರು ನಿಧಾನಗತಿಯ ವಿಲಂಬಿತ ಖ್ಯಾಲನ್ನು ಮುಕ್ಕಾಲು ಗಂಟೆ ಅಲ್ಲಾಡದೆ ಕೇಳುತ್ತಾರೆ. ಕ್ಯಾಮೆರಾ ಐದು ನಿಮಿಷ ಅಲ್ಲಾಡದಿದ್ದರೆ ಇವರಿಗೇನು ಕಷ್ಟ? ಹಾಗಾಗಿ ಸಿನಿಮಾವನ್ನೂ ಬೈಠಕ್ ಮಾಡಿದೆ. ಚಳಿಗಾಲ, ನಾಲ್ಕು ಸಂಜೆ, ದಿನಕ್ಕೆ ಒಂದೇ ಚಿತ್ರ. ಮುಂದೆ ಜಮಖಾನ, ಹಿಂದೆ ಮೊಣಕಾಲು ನೋವಿನವರಿಗೆ ಕುರ್ಚಿ. ಆರಕ್ಕೆ ಶುರು, ಇಂಟರ್ವಲ್ ಇಲ್ಲ. ಮುಗಿದ ಮೇಲೆ ಗಿರ್ಮಿಟ್, ಮಿರ್ಚಿ, ಚಹಾ, ನಿರ್ದೇಶಕರ ಜೊತೆ ಹರಟೆ. ಹುಬ್ಬಳ್ಳಿಯವರಿಗೆ ಚಿಗರಿ ಬಸ್ ಸಿಗಬೇಕು, ಒಂಬತ್ತೂವರೆಗೆ ಎಲ್ಲ ಬಂದ್. ಹಾರ, ಶಾಲು, ಸ್ವಾಗತ ಭಾಷಣ ಕಿತ್ತುಹಾಕಿದೆ. ಜಾಸ್ತಿ ಸಿಟ್ಟು ಬಂದದ್ದು ಇದಕ್ಕೇ.

"ತಮ್ಮಾ, ದೀಪಾನೂ ಹಚ್ಚೂದಿಲ್ಲೇನು?"

"ಇಲ್ರೀ ಕಾಕಾ, ಲೈಟ್ ಆರ್ಸೂದಷ್ಟ."

ಪರದೆಯ ಬಾಡಿಗೆ ಉಳಿಸಲು ಹೋಗಿ ಇನ್ನೊಂದು ಹುಚ್ಚಾಟ ಮಾಡಿದೆ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿಯಿಂದ ಬಿಳಿ ಖಾದಿ ತಂದು ಹೊಲಿಸಿದೆ. ಬೆಳಕು ಬಟ್ಟೆ ದಾಟಿ ಗೋಡೆಗೆ ಬಡಿದು ವಾಪಸ್ ಬಂದು ಚಿತ್ರ ಮಸುಕಾಯಿತು. ಹಿಂದೆ ಕರಿ ಅಸ್ತರ್ ಕೊಟ್ಟ ಮೇಲೆ ಸರಿಹೋಯಿತು. ಆದರೆ ಹೊಲಿಗೆಯ ಗೆರೆ ಸರಿಯಾಗಿ ನಾಯಕಿಯ ಮೂಗಿನ ಮೇಲೆ! ಕೊನೆಗೆ ಬಾಡಿಗೆ ಪರದೆಯೇ ಗತಿ. ಈ ಮೊದಲು ಬ್ಯಾಡಗಿಯಲ್ಲೂ ಒಂದು ಬಯಲು ಪ್ರದರ್ಶನ ಇಟ್ಟಿದ್ದೆ, ಮೆಣಸಿನಕಾಯಿ ಸುಗ್ಗಿಯಲ್ಲಿ, ಅದೂ ಮಾರುಕಟ್ಟೆಯ ಪಕ್ಕದಲ್ಲೇ. ಇಡೀ ಚಿತ್ರಕ್ಕೆ ಕೆಮ್ಮೇ ಹಿನ್ನೆಲೆ ಸಂಗೀತ. ನೀವು ಆ ತಪ್ಪು ಮಾಡಬೇಡಿ.

ದುಡ್ಡಿನ ವಿಷಯ. ಟಿಕೆಟ್ 100 ರೂಪಾಯಿ, ಗಿರ್ಮಿಟ್ ಸೇರಿ. ಮೊದಲ ದಿನ 80 ಜನ, ಕೊನೆಯ ದಿನ 200 ದಾಟಿತು. ಒಟ್ಟು 600ರ ಆಸುಪಾಸು, ಅಂದರೆ 60 ಸಾವಿರ. ಹಾಲ್‌ಗೆ 20, ಪ್ರೊಜೆಕ್ಟರ್ ಮತ್ತು ಸೌಂಡ್‌ಗೆ 18, ನಾಲ್ಕು ಚಿತ್ರಗಳ ಫೀ 12, ತಿಂಡಿ ಚಹಾ 12, ರೈಲು ಚಾರ್ಜು 5. ಕೈಯಿಂದ ಹೋದದ್ದು ಏಳೆಂಟು ಸಾವಿರ. 60 ಸಾವಿರ ಕಳೆದುಕೊಂಡವನಿಗೆ ಇದು ಲಾಭವೇ ಅಲ್ವಾ? ಸಾರ್ವಜನಿಕ ಪ್ರದರ್ಶನ ಆದ್ದರಿಂದ ಸೆನ್ಸಾರ್ ಸರ್ಟಿಫಿಕೇಟ್ ಇರುವ ಚಿತ್ರಗಳನ್ನಷ್ಟೇ ತಗೊಂಡೆ. ಸರ್ಟಿಫಿಕೇಟ್ ಇಲ್ಲದ್ದಕ್ಕೆ ದಿಲ್ಲಿಯ ಸಚಿವಾಲಯದಿಂದ ವಿನಾಯಿತಿ ತರುವ ಓಡಾಟ ನನ್ನಿಂದಾಗದು.

ಲಾಡ್ಜ್ ಖರ್ಚು ಸೊನ್ನೆ. ಅತಿಥಿಗಳನ್ನು ಮನೆಗಳಲ್ಲಿ ಉಳಿಸಿದೆ. ಉಳಿತಾಯಕ್ಕೆ ಅಂತ ಮಾಡಿದ್ದು, ಸಿಕ್ಕಿದ್ದು ಪ್ರೇಕ್ಷಕರು. "ನಮ್ಮನಿಯಾಗ ಇದ್ದಾಕಿ ತಗದ ಪಿಚ್ಚರ್" ಅಂತ ಆ ಮನೆಯವರು ಇಡೀ ಓಣಿಯನ್ನೇ ಕರೆತಂದರು. ಒಬ್ಬ ಮಲಯಾಳಿ ನಿರ್ದೇಶಕಿ ಬೆಳಿಗ್ಗೆ ಸಾಧನಕೇರಿಯ ಕೆರೆ ಸುತ್ತಿ, ಬೇಂದ್ರೆಯವರ ಮನೆ ನೋಡಿ, ಬರುವಾಗ ಲೈನ್ ಬಜಾರಿನಲ್ಲಿ 3 ಕಿಲೋ ಪೇಡೆ ತಗೊಂಡಳು. ಹೋಗುವಾಗ ಡಬ್ಬಿ ತುಂಬ ಶೇಂಗಾ ಹಿಂಡಿ (ಚಟ್ನಿಪುಡಿ) ಬೇರೆ. ಯಾವ ಓಣಿಯಲ್ಲಿ ಯಾರನ್ನು ಉಳಿಸಬೇಕು, ಮೊದಲ ಸಂಜೆಗೆ ಎಂಥ ಚಿತ್ರ ಇಡಬೇಕು, ಇವೆರಡನ್ನು ಮಾತ್ರ ನಾನು ಹೇಳುವುದಿಲ್ಲ. ಮೂರು ವರ್ಷ ದುಡ್ಡು ಸುರಿದು ಕಲಿತದ್ದು.

ಮೊನ್ನೆ ಮಾಳಮಡ್ಡಿಯ ಅಕ್ಕಾರು ಒಬ್ಬರು ಸಿಕ್ಕಿದ್ದರು. ನಮ್ಮ ಅತಿಥಿಯೊಬ್ಬರು ಅವರ ಮನೆಯಲ್ಲೇ ಇದ್ದದ್ದು. ಚಿತ್ರ ಹೇಗಿತ್ತು ಅಂದೆ. "ಪಿಚ್ಚರ್ ಇರಲಿ. ಮುಂದಿನ ವರ್ಷಾ ಉಳ್ಳಾಗಡ್ಡಿ ತಿನ್ನೋ ಡೈರೆಕ್ಟರನ್ನ ಕಳಸ್ರಿ. ಈ ಸಲ ಬಂದಾಂವ ಜುಣಕಾ ಮುಟ್ಟಲಿಲ್ಲ."