ಖಾತ್ರಿ 95 ಅಂದ ಬಾಟ್

ನಮ್ಮೂರು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲು. ಬೇಸಾಯದ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಕೊಡೋ ಒಂದು ಚಾಟ್‌ಬಾಟ್ ಮಾಡುತ್ತಿದ್ದೆ. ತನ್ನ ಉತ್ತರವನ್ನು ತಾನೇ ತಿರುಗಿ ಓದಿ, ಎಷ್ಟು ಖಾತ್ರಿ ಅಂತ ನೂರಕ್ಕೆ ಅಂಕ ಹಾಕಿಕೊಳ್ಳುವಂತೆಯೂ ಮಾಡಿದ್ದೆ. ಒಳಗೊಳಗೇ ಸ್ವಲ್ಪ ಜಂಬ ಇತ್ತು.

ದೊಡ್ಡಪ್ಪನಿಗೆ ತೋರಿಸಿದೆ. ಮೂವತ್ತು ಗುಂಟೆ ಭತ್ತಕ್ಕೆ ಬರೀ ಯೂರಿಯಾದಲ್ಲೇ ಸಾರಜನಕ ಕೊಟ್ಟರೆ ಎಷ್ಟು ಬೇಕು ಅಂತ ಕೇಳಿದೆವು. 26 ಕೆಜಿ ಅಂದಿತು. ಖಾತ್ರಿ 95.

“ಏನ್ಲಾ ಇದು? ಮುಕ್ಕಾಲ್ ಎಕ್ರೆಗೆ ಅರ್ಧ ಮೂಟೆ ಚಿಲ್ರೆ ಸಾಲ್ತದಾ?” ಅಂದರು ದೊಡ್ಡಪ್ಪ.

ಲೆಕ್ಕ ಬಿಚ್ಚಿ ನೋಡಿದೆ. ಎಕರೆಗೆ 40 ಕೆಜಿ ಸಾರಜನಕ, ಸರಿ. ಯೂರಿಯಾದಲ್ಲಿ 46 ಪರ್ಸೆಂಟ್, ಅದೂ ಸರಿ. ಆದರೆ 30 ಗುಂಟೆಯನ್ನು 0.30 ಎಕರೆ ಮಾಡಿಕೊಂಡಿತ್ತು! ನೂರಾದರೆ ಎಕರೆ ಆಗೋದು ಸೆಂಟು. ಗುಂಟೆ ನಲವತ್ತಕ್ಕೇ ಎಕರೆ. ಬರಬೇಕಿದ್ದದ್ದು 65 ಕೆಜಿ, ಅಂದರೆ 45 ಕೆಜಿಯ ಒಂದೂವರೆ ಮೂಟೆ ಹತ್ತಿರ. ತಿರುಗಿ ಓದುವಾಗಲೂ ಅದರ ಕಣ್ಣೆದುರು ಇದ್ದದ್ದು ತಾನೇ ಬರೆದ 0.30. ಗುಣಾಕಾರ, ಭಾಗಾಕಾರ ಸರಿ ಇತ್ತು, ಸೈ ಅಂದಿತು.

ಗದರಿಸಿ ಕೇಳಿದರೆ ಸರಿಹೋಗುತ್ತದೇನೋ ಅಂತ, ಪ್ರತಿ ಉತ್ತರಕ್ಕೂ “ನಿಜವಾಗ್ಲೂ ಸರೀನಾ?” ಅಂತ ಕೇಳುವ ಹಾಗೆ ಮಾಡಿದೆ. ಅದು ಇನ್ನೂ ಕೆಟ್ಟಿತು. ಕೆಆರ್‌ಎಸ್ ಪೂರ್ಣ ಮಟ್ಟ 124.80 ಅಡಿ ಅಂತ ಸರಿಯಾಗೇ ಹೇಳಿದ್ದು, ಕ್ಷಮೆ ಕೇಳಿ 120 ಮಾಡಿಬಿಟ್ಟಿತು. 2023ರಲ್ಲಿ ಗೂಗಲ್ ಡೀಪ್‌ಮೈಂಡ್ ಸಂಶೋಧಕರು ಇದನ್ನೇ ಬರೆದಿದ್ದರು: ಹೊರಗಿನ ಸುಳಿವಿಲ್ಲದೆ ತನ್ನನ್ನು ತಾನೇ ತಿದ್ದಿಕೊಳ್ಳಲು ಬಿಟ್ಟರೆ ತರ್ಕದ ಉತ್ತರಗಳು ಎಷ್ಟೋ ಸಲ ಹಾಳಾಗುತ್ತವೆ ಅಂತ. ಓದಿದ್ದೆ, ಆದರೂ ಕೈ ಸುಟ್ಟುಕೊಂಡೇ ಕಲಿತೆ.

ಆಮೇಲೆ ಒಂದೇ ಪ್ರಶ್ನೆಯನ್ನು ಐದು ಸಲ ಬೇರೆ ಬೇರೆಯಾಗಿ ಕೇಳಿ ಹೋಲಿಸಿದೆ. ಇದು ಉಪಯೋಗಕ್ಕೆ ಬಂತು. ಎಲೆ ಹಳದಿ ಯಾಕೆ ಅಂದರೆ ಒಮ್ಮೆ ಸಾರಜನಕ, ಒಮ್ಮೆ ಸತು, ಒಮ್ಮೆ ರೋಗ. ಉತ್ತರ ಹೀಗೆ ಚೆದುರಿದರೆ ಗೊತ್ತಿಲ್ಲ ಅಂತಲೇ ಅರ್ಥ, ಅಲ್ವಾ? ಈಗ ಅಂಥ ಕಡೆ ಸುಮ್ನೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನವರನ್ನು ಕೇಳಿ ಅನ್ನುತ್ತದೆ. ಗುಂಟೆ ಲೆಕ್ಕ ಮಾತ್ರ ಐದಕ್ಕೆ ಐದೂ ಅದೇ ತಪ್ಪು. ಒಮ್ಮತ ಅಂದರೆ ಇದು!

ಕೊನೆಗೆ ಅಳತೆಯನ್ನು ಬಾಟ್ ಕೈಯಿಂದಲೇ ಕಿತ್ತುಕೊಂಡೆ. ಎಕರೆ, ಗುಂಟೆ, ಸೆಂಟಿನ ಪಟ್ಟಿ ಬೇರೆ, ಲೆಕ್ಕ ಮಾಡುವ ಪುಟ್ಟ ಪ್ರೋಗ್ರಾಂ ಬೇರೆ. ಖಾತ್ರಿಯ ಅಂಕವನ್ನು ಬಳಸುವವರಿಗೆ ತೋರಿಸುವುದನ್ನೇ ಬಿಟ್ಟೆ. ಅದರ ಪಕ್ಕ ದೊಡ್ಡಪ್ಪ ಹಾಕಿದ ಸರಿ, ತಪ್ಪು ಗುರುತನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. 95 ಅಂದ ಕಡೆ ತಪ್ಪು ಕಂಡರೆ ಮೊದಲು ಅದನ್ನೇ ಬಿಚ್ಚುತ್ತೇನೆ.

ಮೊನ್ನೆ ದೊಡ್ಡಪ್ಪ ಬಿತ್ತನೆ ಭತ್ತವನ್ನು ಕೊಳಗದಲ್ಲಿ ಕೇಳಿದರು. ಪಟ್ಟಿಯಲ್ಲಿ ಕೊಳಗ ಇನ್ನೂ ಇಲ್ಲ.